ಊರು ಸಾಕಿದ ತಂಡ: ಹಿರೋಷಿಮಾ ಕಾರ್ಪ್‌ನ ಎಪ್ಪತ್ತೈದು ವರ್ಷ

ಜಪಾನಿನ ವೃತ್ತಿಪರ ಬೇಸ್‌ಬಾಲ್ ತಂಡಗಳ ಹೆಸರು ಕೇಳಿದರೆ ಸಾಕು, ಯಜಮಾನರು ಯಾರೆಂದು ಗೊತ್ತಾಗುತ್ತದೆ. ಯೊಮಿಯುರಿ ಒಂದು ಪತ್ರಿಕೆ, ಹ್ಯಾನ್ಶಿನ್ ಒಂದು ರೈಲು ಕಂಪನಿ, ಯಕುಲ್ಟ್ ಅಂಗಡಿಯಲ್ಲಿ ಸಿಗುವ ಹಾಲಿನ ಪಾನೀಯ. ತಂಡ ಸಾಕುವುದು ದೊಡ್ಡ ಕಂಪನಿಗಳ ಕೆಲಸ ಎಂಬುದು ಅಲ್ಲಿ ಮೊದಲಿನಿಂದ ನಡೆದುಬಂದ ರೂಢಿ. 1950ರ ಜನವರಿಯಲ್ಲಿ ಹುಟ್ಟಿದ ಹಿರೋಷಿಮಾ ಕಾರ್ಪ್‌ಗೆ ಮಾತ್ರ ಅಂಥ ಯಜಮಾನರು ಯಾರೂ ಇರಲಿಲ್ಲ. ಅದರ ಹಿಂದೆ ಇದ್ದದ್ದು ಒಂದು ಊರು. ಆ ಊರಿನ ಮೇಲೆ ಅಣುಬಾಂಬ್ ಬಿದ್ದು ಆಗ ಇನ್ನೂ ಐದು ವರ್ಷ ತುಂಬಿರಲಿಲ್ಲ.

1945ರ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಬಿದ್ದ ಬಾಂಬಿಗೆ ಆ ವರ್ಷ ಮುಗಿಯುವುದರೊಳಗೆ ಸುಮಾರು 1,40,000 ಜನ ಸತ್ತಿದ್ದರು. ಉಳಿದವರು ತಗಡು ಹೊದಿಸಿದ ಗುಡಿಸಲುಗಳಲ್ಲಿ ಬದುಕುತ್ತಿದ್ದರು. ಅಂಥ ಊರಿಗೆ ಬೇಸ್‌ಬಾಲ್ ತಂಡ ಯಾಕೆ ಬೇಕಿತ್ತು ಎಂದು ಕೇಳುವವರು ಆ ಊರಿನ ಹಿಂದಿನ ಕಥೆಯನ್ನು ತಿಳಿಯಬೇಕು. ಯುದ್ಧಕ್ಕೆ ಮೊದಲೇ ಹಿರೋಷಿಮಾ ಬೇಸ್‌ಬಾಲ್ ಊರಾಗಿತ್ತು. ಅಲ್ಲಿನ ವಾಣಿಜ್ಯ ಶಾಲೆಯೂ ಕೋರ್ಯೊ ಶಾಲೆಯೂ ಕೊಶಿಯೆನ್ ಮೈದಾನದ ರಾಷ್ಟ್ರೀಯ ಶಾಲಾ ಪಂದ್ಯಾವಳಿಯಲ್ಲಿ ಹೆಸರು ಮಾಡಿದ್ದವು. ಅಲ್ಲಿಂದ ಬಂದ ಆಟಗಾರರು ಟೋಕಿಯೊ, ಒಸಾಕಾದ ತಂಡಗಳಲ್ಲಿ ತುಂಬಿದ್ದರು. 1949ರ ಕೊನೆಗೆ ಜಪಾನಿನ ಲೀಗ್ ಎರಡಾಗಿ ಒಡೆದು ಹೊಸ ತಂಡಗಳಿಗೆ ಜಾಗ ತೆರೆದಾಗ, ನಮ್ಮೂರಿಗೂ ಒಂದು ತಂಡ ಬೇಕು ಎಂದು ಹಿರೋಷಿಮಾ ಎದ್ದು ನಿಂತದ್ದರಲ್ಲಿ ಆಶ್ಚರ್ಯವಿಲ್ಲ. ಊರಿನ ಕೋಟೆಗೆ ಗೆಂಡೆ ಮೀನಿನ ಕೋಟೆ ಎಂಬ ಹಳೆಯ ಹೆಸರಿತ್ತು, ಊರ ನಡುವೆ ಹರಿಯುವ ಓಟಾ ನದಿಯಲ್ಲಿ ಗೆಂಡೆ ಮೀನು ಹೇರಳವಾಗಿತ್ತು. ತಂಡಕ್ಕೂ ಅದೇ ಮೀನಿನ ಹೆಸರಾಯಿತು.

ಹೆಸರು ಸಿಕ್ಕಿತು, ಹಣ ಸಿಗಲಿಲ್ಲ. ಪ್ರಾಂತದ ಸರ್ಕಾರವೂ ನಗರಸಭೆಗಳೂ ಕೊಡುತ್ತೇವೆಂದ ಪಾಲು ಸಮಯಕ್ಕೆ ಬರಲಿಲ್ಲ. ಮೊದಲ ಮ್ಯಾನೇಜರ್ ಆಗಿ ಬಂದ ಶುಯಿಚಿ ಇಶಿಮೊಟೊ ಅದೇ ಊರಿನವರು, ಅದೇ ವಾಣಿಜ್ಯ ಶಾಲೆಯ ಹಳೆಯ ವಿದ್ಯಾರ್ಥಿ. ಆ ಶಾಲೆಯ ಹುಡುಗರನ್ನು ಕೊಶಿಯೆನ್‌ನಲ್ಲಿ ಗೆಲ್ಲಿಸಿದ್ದವರು, ಮುಂದೆ ಒಸಾಕಾ ಟೈಗರ್ಸ್ ತಂಡವನ್ನೂ ನಡೆಸಿದ್ದವರು. ಅವರ ಕೈಗೆ ಸಿಕ್ಕಿದ್ದು ಬೇರೆ ತಂಡಗಳು ಬಿಟ್ಟ ಹಿರಿಯರು ಮತ್ತು ಯಾರೂ ಕೇಳಿರದ ಹುಡುಗರು. 1950ರ ಋತುವಿನಲ್ಲಿ ಕಾರ್ಪ್ 41 ಪಂದ್ಯ ಗೆದ್ದು 96 ಸೋತಿತು. ಎಂಟು ತಂಡಗಳಲ್ಲಿ ಎಂಟನೆಯ ಸ್ಥಾನ. ಆಟಗಾರರ ಸಂಬಳ ಬಾಕಿ ಬಿತ್ತು. 1951ರ ಮಾರ್ಚ್ ಹೊತ್ತಿಗೆ ಪರ ಊರಿಗೆ ಆಡಲು ಹೋಗುವ ಖರ್ಚಿಗೂ ಕಾಸಿಲ್ಲದೆ, ತಂಡವನ್ನು ಪಕ್ಕದ ಶಿಮೊನೊಸೆಕಿಯ ತೈಯೊ ತಂಡದೊಳಗೆ ಸೇರಿಸಿಬಿಡುವ ಮಾತು ಬಹುತೇಕ ಮುಗಿದಿತ್ತು.

ಇಶಿಮೊಟೊ ಒಪ್ಪಲಿಲ್ಲ. ಈ ಮನುಷ್ಯನ ಬಗ್ಗೆ ಎಷ್ಟು ಬರೆದರೂ ಕಡಿಮೆ ಎಂದೇ ನನ್ನ ಭಾವನೆ. ಆಟ ಕಲಿಸಬೇಕಾದವರು ಆಟದ ಜೊತೆಗೆ ಊರೂರು ತಿರುಗಿದರು. ಶಾಲೆಗಳಲ್ಲಿ, ಕಾರ್ಖಾನೆಗಳಲ್ಲಿ, ಹಳ್ಳಿಯ ಸಭೆಗಳಲ್ಲಿ ನಿಂತು ಮಾತಾಡಿದರು, ಬೆಂಬಲಿಗರ ಸಂಘಗಳನ್ನು ಕಟ್ಟಿದರು. ತಂಡ ಹೋದರೆ ಮತ್ತೊಂದು ತಂಡ ಈ ಊರಿಗೆ ಬರಲಾರದು ಎಂಬುದು ಅವರ ವಾದದ ತಿರುಳು. ಮೈದಾನದ ಬಾಗಿಲಲ್ಲಿ ಮದ್ಯದ ಮರದ ಪೀಪಾಯಿಗಳನ್ನು ಇಡಲಾಯಿತು. ಅಕ್ಕಿಯ ಮದ್ಯ ಸಾಕೆಗೆ ಹಿರೋಷಿಮಾ ಸೀಮೆ ಹೆಸರುವಾಸಿ, ಪೀಪಾಯಿಗೆ ಬರವಿರಲಿಲ್ಲ. ಆಟ ನೋಡಲು ಬಂದವರು ದೇವಸ್ಥಾನದ ಹುಂಡಿಗೆ ಹಾಕುವ ಹಾಗೆ ಅದರೊಳಗೆ ಕಾಸು ಹಾಕಿ ಒಳಗೆ ಹೋದರು. ಒಂದೊಂದು ನೋಟು, ಒಂದೊಂದು ನಾಣ್ಯ. ಮನೆಯ ಗೋಡೆ ಇನ್ನೂ ಪೂರ್ತಿ ಎದ್ದಿರದವರು, ಮಕ್ಕಳನ್ನು ಕಳೆದುಕೊಂಡವರು, ಮೈಮೇಲೆ ಸುಟ್ಟ ಗಾಯದ ಗುರುತು ಹೊತ್ತವರು ಕೊಟ್ಟ ದುಡ್ಡು ಅದು. ವಿಲೀನದ ಮಾತು ಬಿದ್ದುಹೋಯಿತು. ಜಪಾನಿನಲ್ಲಿ ಇಂದಿಗೂ ‘ತಾರು ಬೊಕಿನ್’, ಅಂದರೆ ಪೀಪಾಯಿ ನಿಧಿ ಎಂದರೆ ಜನರಿಗೆ ನೆನಪಾಗುವುದು ಕಾರ್ಪ್.

ಇದಾದ ಮರುವರ್ಷವೇ ಇನ್ನೊಂದು ಗಂಡಾಂತರ. 1952ರಲ್ಲಿ ಲೀಗಿನವರು ಹೊಸ ಕಟ್ಟಳೆ ತಂದರು: ನೂರಕ್ಕೆ ಮೂವತ್ತರಷ್ಟು ಗೆಲುವೂ ಇಲ್ಲದ ತಂಡವನ್ನು ಲೀಗಿನಿಂದ ತೆಗೆಯುವುದು. ಅದು ಯಾರನ್ನು ಕಣ್ಣಲ್ಲಿಟ್ಟು ಮಾಡಿದ ಕಟ್ಟಳೆ ಎಂಬುದು ಹಿರೋಷಿಮಾದವರಿಗೆ ಚೆನ್ನಾಗಿ ಗೊತ್ತಿತ್ತು. ಕಾರ್ಪ್ ಆ ವರ್ಷ 37 ಗೆದ್ದು 80 ಸೋತಿತು. ಲೆಕ್ಕ ಹಾಕಿದರೆ ಗೆಲುವಿನ ಪ್ರಮಾಣ ಮೂವತ್ತೊಂದನ್ನು ದಾಟಿತ್ತು, ತಂಡ ಉಳಿಯಿತು. ಗೆರೆಯ ಕೆಳಗೆ ಉಳಿದದ್ದು ಶೊಚಿಕು ರಾಬಿನ್ಸ್. ಎರಡು ವರ್ಷದ ಹಿಂದೆ, 1950ರಲ್ಲಿ, 98 ಪಂದ್ಯ ಗೆದ್ದು ಇದೇ ಲೀಗಿನ ಮೊದಲ ಸ್ಥಾನ ಪಡೆದಿದ್ದ ತಂಡ ಅದು. ಅದನ್ನು ತೈಯೊ ಜೊತೆ ಸೇರಿಸಿದರು. ಕಂಪನಿಯ ಬೆಂಬಲವಿದ್ದ ಚಾಂಪಿಯನ್ ತಂಡ ಮುಳುಗಿತು, ಪೀಪಾಯಿಯ ದುಡ್ಡಿನ ತಂಡ ತೇಲಿತು.

ಆ ಬಡ ವರ್ಷಗಳ ದೊಡ್ಡ ಹೆಸರು ರ್ಯೊಹೆಯಿ ಹಸೆಗಾವಾ. ಎತ್ತರ 167 ಸೆಂಟಿಮೀಟರ್, ಚೆಂಡೆಸೆಯುವ ಪಿಚರ್‌ಗೆ ಸಾಲದ ಮೈಕಟ್ಟು. ಬೇಸ್‌ಬಾಲ್‌ನಲ್ಲಿ ಪ್ರತಿ ಪಂದ್ಯದ ಗೆಲುವು ಸೋಲನ್ನು ಒಬ್ಬೊಬ್ಬ ಪಿಚರ್‌ನ ಖಾತೆಗೆ ಬರೆಯುತ್ತಾರೆ. ಹಸೆಗಾವಾ ಖಾತೆಯಲ್ಲಿ 197 ಗೆಲುವು, 208 ಸೋಲು. ಈ ಸೋಲಿನ ಅಂಕಿಯನ್ನು ಕಡೆಗಣಿಸಬಾರದು. ತಂಡದ ಬ್ಯಾಟುಗಾರರು ರನ್ ತರದ ದಿನಗಳಲ್ಲಿಯೂ ಚೆಂಡು ಹಿಡಿದು ಪಿಚರ್ ನಿಲ್ಲುವ ದಿಬ್ಬ ಹತ್ತಿದವರಿಗೆ ಮಾತ್ರ ಅಷ್ಟು ಸೋಲು ಸೇರುತ್ತದೆ. 1955ರಲ್ಲಿ ಅವರು 30 ಪಂದ್ಯ ಗೆದ್ದರು, ತಂಡ ಆ ವರ್ಷ ಕಂಡ ಗೆಲುವುಗಳಲ್ಲಿ ಸುಮಾರು ಅರ್ಧ. ಅವರ ಜೊತೆಗಿದ್ದ ಇನ್ನೊಬ್ಬ ಆಧಾರಸ್ತಂಭ ಕತ್ಸುಮಿ ಶಿರೈಶಿ. ಹಿರೋಷಿಮಾದಲ್ಲೇ ಹುಟ್ಟಿ, ಟೋಕಿಯೊದ ಯೊಮಿಯುರಿ ಜೈಂಟ್ಸ್‌ನಲ್ಲಿ ಹೆಸರು ಮಾಡಿ, ಊರಿನ ತಂಡಕ್ಕಾಗಿ ಹಿಂದಿರುಗಿದವರು. ಮುಂದೆ ಮ್ಯಾನೇಜರ್ ಆಗಿ 1964ರಲ್ಲಿ ಜೈಂಟ್ಸ್‌ನ ಮಹಾ ಬ್ಯಾಟುಗಾರ ಸದಹಾರು ಓಹ್ ಅವರನ್ನು ಕಟ್ಟಿಹಾಕಲು ಫೀಲ್ಡರ್‌ಗಳನ್ನೆಲ್ಲ ಮೈದಾನದ ಬಲಭಾಗಕ್ಕೆ ಸರಿಸಿ ನಿಲ್ಲಿಸಿದ ‘ಓಹ್ ಶಿಫ್ಟ್’ ಅವರದೇ ಯುಕ್ತಿ.

1957ರ ಜುಲೈಯಲ್ಲಿ ದೀಪಗಳಿರುವ ನಗರ ಕ್ರೀಡಾಂಗಣ ತೆರೆಯಿತು. ಹಣ ಕೊಟ್ಟವರು ಊರಿನ ಉದ್ಯಮಗಳವರು. ಜಾಗ ಎಲ್ಲಿ ಎಂದರೆ, ಟ್ರಾಮ್ ಓಡುವ ಬೀದಿಯ ಈ ಕಡೆ ಕ್ರೀಡಾಂಗಣ, ಆ ಕಡೆ ಬಾಂಬಿಗೆ ಸಿಕ್ಕು ಉಕ್ಕಿನ ಪಂಜರವಾಗಿ ನಿಂತ ಗುಮ್ಮಟ. 2008ರವರೆಗೆ, ಅರ್ಧ ಶತಮಾನ, ಕಾರ್ಪ್‌ನ ಮನೆ ಅದೇ. ಸಂಜೆ ಆಟಕ್ಕೆ ಹೋಗುವವರು ಆ ಗುಮ್ಮಟದ ಎದುರಿನಿಂದಲೇ ಹಾದುಹೋಗುತ್ತಿದ್ದರು.

ಅರವತ್ತರ ದಶಕದಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ. 1962ರಲ್ಲಿ ಕತ್ಸುಯಾ ಮೊರಿನಾಗಾ ಲೀಗಿನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ ಗಳಿಸಿದ ಮೊದಲ ಕಾರ್ಪ್ ಆಟಗಾರರಾದರು. ಯೊಶಿರೊ ಸೊತೊಕೊಬಾ ಎಂಬ ಪಿಚರ್ 1965, 1968 ಮತ್ತು 1972ರಲ್ಲಿ ಎದುರಾಳಿಗೆ ಒಂದೇ ಒಂದು ಹಿಟ್ ಕೂಡ ಬಿಟ್ಟುಕೊಡದೆ ಪೂರ್ತಿ ಪಂದ್ಯ ಎಸೆದರು. ಯುದ್ಧಪೂರ್ವದ ದಂತಕಥೆ ಎಯಿಜಿ ಸವಾಮುರಾ ಹೆಸರಲ್ಲಿದ್ದ ಮೂರರ ದಾಖಲೆಗೆ ಅದು ಸಮ. 1968ರಲ್ಲಿ ಊರಿನ ಮೋಟಾರು ಕಂಪನಿ ತೊಯೊ ಕೊಗ್ಯೊ, ಅಂದರೆ ಇಂದಿನ ಮಜ್ದಾ, ತಂಡದ ಆಡಳಿತ ವಹಿಸಿಕೊಂಡಿತು. ಆ ಕಂಪನಿಯನ್ನು ನಡೆಸುತ್ತಿದ್ದ ಮತ್ಸುದಾ ಮನೆತನದ ಕೈಯಲ್ಲೇ ತಂಡ ಇಂದಿಗೂ ಇದೆ. ಆದರೂ ಹಿರೋಷಿಮಾದವರು ಅದನ್ನು ನಾಗರಿಕರ ತಂಡವೆಂದೇ ಕರೆಯುತ್ತಾರೆ. ಆ ಹಕ್ಕು ಅವರು 1951ರಲ್ಲೇ ಸಂಪಾದಿಸಿದ್ದು.

ನಂತರ 1975. ಹಿಂದಿನ ಮೂರು ವರ್ಷವೂ ಕೊನೆಯ ಸ್ಥಾನದಲ್ಲಿದ್ದ ತಂಡಕ್ಕೆ ಅಮೆರಿಕದ ಜೋ ಲುಟ್ಜ್ ಮ್ಯಾನೇಜರ್ ಆಗಿ ಬಂದರು. ಅವರು ಮೊದಲು ಮಾಡಿದ ಕೆಲಸ ಕಡುನೀಲಿ ಟೋಪಿ ತೆಗೆಸಿ ಕೆಂಪು ಟೋಪಿ ಹಾಕಿಸಿದ್ದು. ಹೋರಾಟದ ಬಣ್ಣ ಕೆಂಪು ಎಂಬುದು ಅವರ ನಂಬಿಕೆ. ಏಪ್ರಿಲ್ ಮುಗಿಯುವುದರೊಳಗೆ ಅಂಪೈರ್ ತೀರ್ಪಿನ ಜಗಳದಲ್ಲಿ ಅವರು ತಂಡ ಬಿಟ್ಟು ಹೊರಟರು. ಟೋಪಿ ಉಳಿಯಿತು. ಕೋಚ್ ಆಗಿದ್ದ ತಾಕೆಶಿ ಕೊಬಾ ಮ್ಯಾನೇಜರ್ ಆದರು, ಹಾಗೂ ಆ ಬೇಸಿಗೆಯಲ್ಲಿ ಕಾರ್ಪ್ ಗೆಲ್ಲತೊಡಗಿತು. ಜುಲೈಯ ಆಲ್‌ಸ್ಟಾರ್ ಪಂದ್ಯದಲ್ಲಿ ಕೋಜಿ ಯಮಾಮೊಟೊ ಎರಡು ಹೋಮ್ ರನ್, ಸಚಿಯೊ ಕಿನುಗಾಸಾ ಎರಡು ಹೋಮ್ ರನ್ ಹೊಡೆದ ಮೇಲೆ ಪತ್ರಿಕೆಗಳು ‘ಕೆಂಪು ಹೆಲ್ಮೆಟ್ಟಿನ ಬಿರುಗಾಳಿ’ ಎಂದು ಬರೆದವು. ಅಕ್ಟೋಬರ್ 15ರಂದು ಟೋಕಿಯೊದ ಕೊರಾಕುಯೆನ್‌ನಲ್ಲಿ ಜೈಂಟ್ಸ್ ಎದುರು ಒಂಬತ್ತನೆಯ ಇನಿಂಗ್ಸ್‌ನಲ್ಲಿ ಗೇಲ್ ಹಾಪ್ಕಿನ್ಸ್ ಮೂರು ರನ್ನಿನ ಹೋಮ್ ರನ್ ಬಾರಿಸಿದರು. ಲೀಗ್ ಪ್ರಶಸ್ತಿ ಹಿರೋಷಿಮಾಕ್ಕೆ ಬಂತು, ತಂಡ ಹುಟ್ಟಿ 26ನೆಯ ವರ್ಷದಲ್ಲಿ.

ಶಾಂತಿ ಬೀದಿಯಲ್ಲಿ ಮೆರವಣಿಗೆ ನಡೆಯಿತು. ಎರಡೂ ಬದಿಯಲ್ಲಿ ಲಕ್ಷಗಟ್ಟಲೆ ಜನ. ತೆರೆದ ಕಾರುಗಳಲ್ಲಿ ಕುಳಿತಿದ್ದ ಆಟಗಾರರು ಮುಂದೆ ಎಷ್ಟೋ ವರ್ಷ ನೆನೆದದ್ದು ಜನಸಂದಣಿಯ ನಡುವೆ ಸತ್ತವರ ಭಾವಚಿತ್ರ ಎದೆಗೆ ಹಿಡಿದು ನಿಂತಿದ್ದವರನ್ನು. ಈ ತಂಡಕ್ಕಾಗಿ ಕಾಸು ಹಾಕಿ ಈ ದಿನ ನೋಡದೆ ಹೋದ ಅಪ್ಪ, ಅಜ್ಜ, ಅಣ್ಣಂದಿರಿಗೆ ಮನೆಯವರು ಮೆರವಣಿಗೆ ತೋರಿಸುತ್ತಿದ್ದರು. ಕಾರ್ಪ್‌ನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿಗಳು ಬಂದಿವೆ, ಇದಕ್ಕಿಂತ ದೊಡ್ಡ ದಿನ ಬಂದಿಲ್ಲ.

ಆ ತಂಡದ ಎರಡು ಕಣ್ಣು ಯಮಾಮೊಟೊ ಮತ್ತು ಕಿನುಗಾಸಾ. ಯಮಾಮೊಟೊ ಹಿರೋಷಿಮಾ ಸೀಮೆಯ ಹುಡುಗ, ಕಾರ್ಪ್ ನೋಡುತ್ತಲೇ ಬೆಳೆದವರು. ಟೋಕಿಯೊದ ಹೊಸೆಯಿ ವಿಶ್ವವಿದ್ಯಾಲಯದಲ್ಲಿ ಆಡಿ 1969ರಲ್ಲಿ ಊರಿಗೆ ಬಂದರು. ಶುರುವಿನ ವರ್ಷಗಳಲ್ಲಿ ಅಂಥ ದೊಡ್ಡ ಹೊಡೆತಗಾರರಲ್ಲ, ಮೂವತ್ತು ದಾಟಿದ ಮೇಲೆ ಅವರ ಬ್ಯಾಟಿಗೆ ಬಲ ಬಂದದ್ದು. 1986ರಲ್ಲಿ ನಿವೃತ್ತರಾದಾಗ 536 ಹೋಮ್ ರನ್, ಅಷ್ಟೂ ಒಂದೇ ತಂಡಕ್ಕೆ. ಅವರ 8ನೆಯ ನಂಬರನ್ನು ಇನ್ನಾರೂ ಹಾಕುವಂತಿಲ್ಲ.

ಕಿನುಗಾಸಾ ಕ್ಯೋಟೊದವರು. ತಾಯಿ ಜಪಾನಿನವರು, ತಂದೆ ಅಮೆರಿಕದ ಕಪ್ಪು ಸೈನಿಕ. ಯುದ್ಧಾನಂತರದ ಜಪಾನಿನಲ್ಲಿ ಅಂಥ ಮಗುವಿನ ಬಾಲ್ಯ ಸುಲಭವಾಗಿರಲಿಲ್ಲ. 1965ರಲ್ಲಿ ಕ್ಯಾಚರ್ ಆಗಿ ಕಾರ್ಪ್ ಸೇರಿ, ಮೊದಲ ಬೇಸ್‌ಗೂ ಆಮೇಲೆ ಮೂರನೆಯ ಬೇಸ್‌ಗೂ ಸರಿದರು. 1970ರ ಅಕ್ಟೋಬರ್‌ನಿಂದ 1987ರ ಅಕ್ಟೋಬರ್‌ವರೆಗೆ ಅವರು ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ, ಒಟ್ಟು 2215. ಈ ಅವಧಿಯಲ್ಲಿ ಅವರು ಗಾಯಗೊಳ್ಳಲಿಲ್ಲ ಎಂದು ಯಾರಾದರೂ ಭಾವಿಸಿದರೆ ಅದು ತಪ್ಪು. ವೃತ್ತಿಜೀವನದಲ್ಲಿ 161 ಸಲ ಚೆಂಡು ಅವರ ಮೈಗೆ ಬಡಿದಿದೆ.

1979ರ ಆಗಸ್ಟ್ 1ರಂದು ಜೈಂಟ್ಸ್‌ನ ಪಿಚರ್ ತಕಾಶಿ ನಿಶಿಮೊಟೊ ಎಸೆದ ಚೆಂಡು ಕಿನುಗಾಸಾ ಅವರ ಎಡ ಬೆನ್ನಿಗೆ ಬಿತ್ತು. ಭುಜದ ಮೂಳೆ ಮುರಿಯಿತು. ಎರಡೂ ತಂಡದವರು ಮೈದಾನಕ್ಕೆ ನುಗ್ಗಿ ಕೈಕೈ ಮಿಲಾಯಿಸುತ್ತಿದ್ದಾಗ, ನೆಲದಲ್ಲಿ ನರಳುತ್ತಿದ್ದ ಕಿನುಗಾಸಾ ಹತ್ತಿರ ಬಂದ ನಿಶಿಮೊಟೊಗೆ ಇಲ್ಲಿರಬೇಡ, ಹೊಡೆತ ಬಿದ್ದೀತು, ನಿಮ್ಮವರ ಕಡೆ ಹೋಗು ಎಂದರಂತೆ. ಮರುದಿನ ಅವರು ಬೇರೊಬ್ಬರ ಬದಲಿಗೆ ಬ್ಯಾಟು ಹಿಡಿದು ಬಂದರು. ಎದುರಿಗೆ ಜೈಂಟ್ಸ್‌ನ ಸುಗುರು ಎಗಾವಾ, ಆ ಕಾಲದ ಅತಿವೇಗದ ಪಿಚರ್‌ಗಳಲ್ಲಿ ಒಬ್ಬರು. ಮೂರು ಚೆಂಡು, ಮೂರು ಸಲ ಮೈತುಂಬ ಬೀಸು, ಮೂರೂ ಗಾಳಿಗೆ. ಔಟ್. ಮೊದಲ ಬೀಸು ಅಭಿಮಾನಿಗಳಿಗೆ, ಎರಡನೆಯದು ತನಗೆ, ಮೂರನೆಯದು ನಿಶಿಮೊಟೊಗೆ ಎಂದು ಆಮೇಲೆ ಹೇಳಿದರು. ಆ ಹುಡುಗ ಅಪರಾಧಿ ಭಾವದಿಂದ ಕುಗ್ಗದಿರಲಿ ಎಂಬುದು ಅವರ ಕಾಳಜಿ. ಆಟದ ಲೆಕ್ಕದಲ್ಲಿ ಅದು ಬರಿಯ ಸ್ಟ್ರೈಕ್‌ಔಟ್. ಹಿರೋಷಿಮಾದವರಿಗೆ ಅವರ 504 ಹೋಮ್ ರನ್‌ಗಳಷ್ಟೇ ಅಮೂಲ್ಯ.

1987ರ ಜೂನ್ 13ರಂದು ಅವರು ಅಮೆರಿಕದ ಲೂ ಗೆರಿಗ್ ಅವರ 2130 ಪಂದ್ಯಗಳ ದಾಖಲೆ ಮುರಿದರು. ಅದೇ ವರ್ಷ ಜಪಾನ್ ಸರ್ಕಾರ ರಾಷ್ಟ್ರೀಯ ಗೌರವ ಪ್ರಶಸ್ತಿ ಕೊಟ್ಟಿತು. ಒಂಬತ್ತು ವರ್ಷದ ನಂತರ, 1996ರ ಜೂನ್ 14ರಂದು, ಬಾಲ್ಟಿಮೋರ್ ತಂಡದ ಕ್ಯಾಲ್ ರಿಪ್ಕೆನ್ ಕಾನ್ಸಾಸ್ ಸಿಟಿಯಲ್ಲಿ ಆಡಿ 2216ಕ್ಕೆ ಏರಿದಾಗ ಕಿನುಗಾಸಾ ತಾವೇ ಅಲ್ಲಿಗೆ ಹೋಗಿ ಕುಳಿತು ನೋಡಿದರು. ತಮ್ಮ ದಾಖಲೆ ಮುರಿಯುವವರನ್ನು ಹರಸಲು ಸಾಗರ ದಾಟಿ ಹೋದವರು. 2018ರ ಏಪ್ರಿಲ್‌ನಲ್ಲಿ ತೀರಿಕೊಂಡರು.

1979ರಲ್ಲಿ ಕಾರ್ಪ್ ಮತ್ತೆ ಲೀಗ್ ಗೆದ್ದಿತು. ಆ ವರ್ಷ ಯೊಶಿಹಿಕೊ ತಕಾಹಾಶಿ ಸತತ 33 ಪಂದ್ಯಗಳಲ್ಲಿ ಹಿಟ್ ಹೊಡೆದರು, ಜಪಾನಿನಲ್ಲಿ ಅದನ್ನು ಇನ್ನೂ ಯಾರೂ ಮುರಿದಿಲ್ಲ. ಎರಡು ಲೀಗಿನ ವಿಜೇತರು ಸೆಣಸುವ ಜಪಾನ್ ಸೀರೀಸ್ ಏಳನೆಯ ಪಂದ್ಯಕ್ಕೆ ಹೋಯಿತು. ನವೆಂಬರ್ 4, ಒಸಾಕಾ, ಜಿನುಗುವ ಮಳೆ. ಕಿಂತೆತ್ಸು ತಂಡದ ಎದುರು ಕಾರ್ಪ್ 4–3ರಿಂದ ಮುಂದಿತ್ತು. ಒಂಬತ್ತನೆಯ ಇನಿಂಗ್ಸ್, ಚೆಂಡು ಕಾರ್ಪ್ ಪಿಚರ್ ಯುತಾಕಾ ಎನಾತ್ಸು ಕೈಯಲ್ಲಿ. ಒಬ್ಬರೂ ಔಟಾಗುವ ಮೊದಲೇ ಮೂರೂ ಬೇಸ್‌ಗಳಲ್ಲಿ ಎದುರಾಳಿಗಳು ನಿಂತರು. ಬೇರೆ ಪಿಚರ್‌ಗಳನ್ನು ಸಿದ್ಧಗೊಳಿಸುತ್ತಿರುವುದು ಕಂಡು ಎನಾತ್ಸುಗೆ ಸಿಟ್ಟು ಬಂತು, ತನ್ನ ಮೇಲೆ ನಂಬಿಕೆಯಿಲ್ಲವೆಂದು. ಕಿನುಗಾಸಾ ದಿಬ್ಬಕ್ಕೆ ಬಂದು, ನಿನ್ನ ಮನಸ್ಸು ನನಗೆ ಗೊತ್ತು ಎಂದು ಸಮಾಧಾನ ಹೇಳಿ ಹೋದರು. ಎನಾತ್ಸು ಮೊದಲ ಬ್ಯಾಟುಗಾರನನ್ನು ಸ್ಟ್ರೈಕ್‌ಔಟ್ ಮಾಡಿದರು. ಮುಂದಿನವನು ಬ್ಯಾಟು ಅಡ್ಡ ಹಿಡಿದು ಚೆಂಡನ್ನು ಮೆತ್ತಗೆ ತಳ್ಳಲು ನೋಡಿದ, ಮೂರನೆಯ ಬೇಸ್‌ನವನು ಓಟ ಕಿತ್ತ. ಚೆಂಡು ಕೈಬಿಡುವ ಗಳಿಗೆಯಲ್ಲಿ ಅದನ್ನು ಗ್ರಹಿಸಿದ ಎನಾತ್ಸು, ತಿರುಗುವ ಚೆಂಡನ್ನು ಬ್ಯಾಟಿಗೆ ಎಟುಕದಂತೆ ಹೊರಗೆ ಎಸೆದರು. ಕ್ಯಾಚರ್ ಮಿಜುನುಮಾ ಎದ್ದುನಿಂತು ಹಿಡಿದರು, ಓಡಿಬಂದವನು ಸಿಕ್ಕಿಬಿದ್ದ. ಆಮೇಲೆ ಆ ಬ್ಯಾಟುಗಾರನೂ ಔಟ್, ಸೀರೀಸ್ ಕಾರ್ಪ್‌ಗೆ. ಆ ಇನಿಂಗ್ಸ್‌ನಲ್ಲಿ ಎಸೆದದ್ದು 21 ಚೆಂಡು. ಅದರ ಮೇಲೆ ಜುಂಜಿ ಯಮಾಗಿವಾ ಬರೆದ ಲೇಖನ ಜಪಾನಿನ ಕ್ರೀಡಾ ಬರಹಕ್ಕೇ ಹೊಸ ದಾರಿ ತೋರಿತು. 1980ರಲ್ಲಿ ಅದೇ ಕಿಂತೆತ್ಸು ಎದುರು, 1984ರಲ್ಲಿ ಹಂಕ್ಯು ಎದುರು, ಕಾರ್ಪ್ ಇನ್ನೆರಡು ಸಲ ಜಪಾನ್ ಸೀರೀಸ್ ಗೆದ್ದಿತು.

ಎಂಬತ್ತರ ದಶಕದ ಬೆನ್ನೆಲುಬು ಪಿಚರ್ ಮನಾಬು ಕಿತಾಬೆಪ್ಪು, 213 ಗೆಲುವು. ಕಾರ್ಪ್‌ನಲ್ಲಿ ಅಷ್ಟು ಗೆದ್ದವರು ಬೇರೆಯಿಲ್ಲ. ಆದರೆ ಊರು ಹೆಚ್ಚು ಮರುಗಿದ್ದು ತ್ಸುನೆಮಿ ತ್ಸುದಾಗೆ. ಪಂದ್ಯದ ಕೊನೆಗೆ ಬಂದು ನೇರ ವೇಗದ ಚೆಂಡು ಬಿಟ್ಟು ಬೇರೇನೂ ಬೇಡವೆನ್ನುವ ಹಾಗೆ ಎಸೆಯುತ್ತಿದ್ದ ಹುಡುಗ. 1991ರ ಏಪ್ರಿಲ್‌ನಲ್ಲಿ ಜೈಂಟ್ಸ್ ಎದುರು ಆಡಿದ್ದೇ ಕೊನೆ, ಮಿದುಳಿನ ಗೆಡ್ಡೆ. ಆ ವರ್ಷ ಯಮಾಮೊಟೊ ಮ್ಯಾನೇಜರ್ ಆಗಿದ್ದ ತಂಡ ಅವನಿಗಾಗಿ ಆಡಿ ಲೀಗ್ ಗೆದ್ದಿತು. 1993ರ ಜುಲೈಯಲ್ಲಿ, 32ನೆಯ ವಯಸ್ಸಿಗೆ, ತ್ಸುದಾ ಹೋದ. ನಗರ ಕ್ರೀಡಾಂಗಣದಲ್ಲಿ ಪಿಚರ್‌ಗಳು ಮೈ ಬಿಸಿ ಮಾಡಿಕೊಳ್ಳುವ ಜಾಗದಿಂದ ಹೊರಬರುವ ದಾರಿಯಲ್ಲಿ ಅವನ ಹೆಸರಿನ ಫಲಕ ಹಾಕಿದರು. ಆ ಫಲಕವನ್ನು ಕೈಯಿಂದ ಮುಟ್ಟಿ ಆಡಲು ಹೋಗುವುದು ಕಾರ್ಪ್ ಪಿಚರ್‌ಗಳ ರೂಢಿಯಾಯಿತು.

ಮುಂದಿನ ಕಾಲು ಶತಮಾನ ಕಷ್ಟದ್ದು. ಆಟಗಾರರಿಗೆ ತಂಡ ಬದಲಿಸುವ ಸ್ವಾತಂತ್ರ್ಯ ಬಂದ ಮೇಲೆ ಹಣವಿರುವ ತಂಡಗಳು ಕಾರ್ಪ್ ಬೆಳೆಸಿದವರನ್ನು ಒಬ್ಬೊಬ್ಬರಾಗಿ ಕರೆದೊಯ್ದವು. 1998ರಿಂದ 2012ರವರೆಗೆ 15 ವರ್ಷ ತಂಡ ಆರರಲ್ಲಿ ಮೊದಲ ಮೂರರೊಳಗೆ ಬರಲೇ ಇಲ್ಲ. ಹಣವಿಲ್ಲದ ತಂಡಕ್ಕೆ ಹೊಸ ಹುಡುಗರನ್ನು ಹುಡುಕಿ ಬೆಳೆಸುವುದೊಂದೇ ದಾರಿ. 1990ರಲ್ಲೇ ಡೊಮಿನಿಕನ್ ಗಣರಾಜ್ಯದಲ್ಲಿ ಕಾರ್ಪ್ ಒಂದು ತರಬೇತಿ ಶಾಲೆ ತೆರೆದಿತ್ತು. ಅಮೆರಿಕದಲ್ಲಿ ತಾರೆಯಾದ ಅಲ್ಫೊನ್ಸೊ ಸೊರಿಯಾನೊ ಅಲ್ಲಿಂದ ಬಂದವರು. 2004ರಲ್ಲಿ ಹೊಸ ಕ್ರೀಡಾಂಗಣಕ್ಕೆ ಹಣ ಬೇಕಾದಾಗ ಮತ್ತೆ ಪೀಪಾಯಿಗಳು ಬೀದಿಗೆ ಬಂದವು. ಈ ಸಲ ಸೇರಿದ್ದು 10 ಕೋಟಿ ಯೆನ್‌ಗೂ ಮೇಲೆ. ರೈಲು ನಿಲ್ದಾಣದ ಬಳಿ, ಗೂಡ್ಸ್ ಯಾರ್ಡ್ ಇದ್ದ ಜಾಗದಲ್ಲಿ, 2009ರಲ್ಲಿ ಹೊಸ ಮೈದಾನ ತೆರೆಯಿತು. ಹುಲ್ಲು ನಿಜವಾದ ಹುಲ್ಲು. ತ್ಸುದಾ ಫಲಕವೂ ಅಲ್ಲಿಗೆ ಬಂತು. 2011ರ ಆಗಸ್ಟ್ 6ರಂದು, ಅರ್ಧ ಶತಮಾನಕ್ಕೂ ಹೆಚ್ಚಿನ ಬಿಡುವಿನ ನಂತರ, ಬಾಂಬ್ ಬಿದ್ದ ದಿನದಂದು ಊರಿನಲ್ಲಿ ಕಾರ್ಪ್ ಪಂದ್ಯ ಆಡಿತು.

ಹೀಗೆ ತಂಡ ಬಿಟ್ಟು ಹೋದವರಲ್ಲಿ ಇಬ್ಬರು ಹಿಂದಿರುಗಿದರು. ಪಿಚರ್ ಹಿರೊಕಿ ಕುರೊಡಾ 2008ರಲ್ಲಿ ಅಮೆರಿಕಕ್ಕೆ ಹೋಗಿ ಡಾಡ್ಜರ್ಸ್, ಯಾಂಕೀಸ್ ತಂಡಗಳಿಗೆ ಏಳು ವರ್ಷ ಆಡಿದರು. 2015ಕ್ಕೆ ಅಲ್ಲಿನ ತಂಡಗಳು ಹಲವು ಪಾಲು ಹೆಚ್ಚು ಹಣ ಹಿಡಿದು ನಿಂತಿದ್ದಾಗ, ಕೈಯಲ್ಲಿ ಇನ್ನೂ ಶಕ್ತಿ ಇರುವಾಗಲೇ ಬರುತ್ತೇನೆಂದು ಹಳೆಯ ತಂಡಕ್ಕೆ ಕೊಟ್ಟ ಮಾತಿನಂತೆ, ಹಿರೋಷಿಮಾಕ್ಕೆ ಬಂದರು. ಅದೇ ವರ್ಷ ತಕಾಹಿರೊ ಅರಾಯಿಯೂ ಹ್ಯಾನ್ಶಿನ್‌ನಿಂದ ಮರಳಿದರು. ಊರಿನವರೇ ಆದ ಅರಾಯಿ ಕಣ್ಣೀರಿಡುತ್ತ ತಂಡ ಬಿಟ್ಟಾಗ ಅಭಿಮಾನಿಗಳು ಮುನಿದಿದ್ದರು. ಮರಳಿ ಬಂದು ಮೊದಲ ಸಲ ಬ್ಯಾಟು ಹಿಡಿದಾಗ ಮೈದಾನವಿಡೀ ಚಪ್ಪಾಳೆ ತಟ್ಟಿತು. 2016ರ ಸೆಪ್ಟೆಂಬರ್ 10ರಂದು ಟೋಕಿಯೊ ಡೋಮ್‌ನಲ್ಲಿ, ಮತ್ತೆ ಜೈಂಟ್ಸ್ ಎದುರೇ, ಕುರೊಡಾ ಗೆಲುವಿನ ಪಿಚರ್ ಆಗಿ ಕಾರ್ಪ್ 25 ವರ್ಷದ ಮೇಲೆ ಲೀಗ್ ಗೆದ್ದಿತು. ಇಬ್ಬರೂ ತಬ್ಬಿಕೊಂಡು ಅತ್ತರು. ಟೀವಿ ಮುಂದೆ ಕುಳಿತ ಹಿರೋಷಿಮಾವೂ ಅತ್ತಿತು. 2017, 2018ರಲ್ಲೂ ತಂಡ ಲೀಗ್ ಗೆದ್ದಿತು, ಸತತ ಮೂರು ಗೆಲುವು ತಂಡದ ಇತಿಹಾಸದಲ್ಲಿ ಅದೇ ಮೊದಲು. ಕುರೊಡಾ ಅವರ 15, ಕಿನುಗಾಸಾ ಅವರ 3, ಯಮಾಮೊಟೊ ಅವರ 8, ಇವು ಮೂರು ಇನ್ನಾರಿಗೂ ಕೊಡದ ನಂಬರುಗಳು.

ಅರಾಯಿ 2023ರಲ್ಲಿ ಮ್ಯಾನೇಜರ್ ಆದರು, ಮೊದಲ ವರ್ಷವೇ ತಂಡವನ್ನು ಎರಡನೆಯ ಸ್ಥಾನಕ್ಕೆ ತಂದರು. 1984ರ ನಂತರ ಕಾರ್ಪ್ ಜಪಾನ್ ಸೀರೀಸ್ ಗೆದ್ದಿಲ್ಲ. 1986, 1991, 2016, 2018, ನಾಲ್ಕು ಸಲ ಅಲ್ಲಿಯವರೆಗೆ ಹೋಗಿ ಬರಿಗೈಲಿ ಮರಳಿದೆ. 1984ರಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು ಮೆರವಣಿಗೆ ಕಂಡ ಮಕ್ಕಳು ಈಗ ತಮ್ಮ ಮಕ್ಕಳಿಗೆ ಕೆಂಪು ಟೋಪಿ ಹಾಕಿ ಮೈದಾನಕ್ಕೆ ಕರೆದೊಯ್ಯುತ್ತಿದ್ದಾರೆ. ಐದನೆಯ ಸಲದ ಪ್ರಯತ್ನ ಯಾವ ವರ್ಷ ಬರುತ್ತದೋ, ಆ ವರ್ಷ ಗೆಲ್ಲಲಿ.